ಒಂದು ಪ್ರಬಂಧ, ಮೂರು ಇಸವಿ: ಗ್ರಂಥಸೂಚಿ ಕೆಲಸದ ಆರನೇ ವಾರ

ಈ ವಾರ ಸೇರಿದ್ದು ಹನ್ನೊಂದೇ ನಮೂದು. ಹೋದ ವಾರ ನಲವತ್ತು ಸೇರಿತ್ತು. ಆದರೂ ಈವರೆಗಿನ ಕೆಲಸದಲ್ಲಿ ನನಗೆ ಹೆಚ್ಚು ದಕ್ಕಿದ್ದು ಈ ವಾರವೇ.

‘ಲೇಖಕ’ ಎಂದರೆ ಯಾರು ಎಂಬ ಬಗ್ಗೆ ವಿಮರ್ಶಾ ಸಿದ್ಧಾಂತಗಳು ಹೇಳಿರುವುದಕ್ಕೆ ಒಂದು ಟಿಪ್ಪಣಿಸಹಿತ ಗ್ರಂಥಸೂಚಿ ಮಾಡುತ್ತಿದ್ದೇನೆ. ರೊಲಾಂ ಬಾರ್ತ್‌ನ ‘ಲೇಖಕನ ಸಾವು’ ಪ್ರಬಂಧದ ಕಾರ್ಡಿನಲ್ಲಿ ಮೊದಲು 1977 ಎಂದು ಬರೆದುಕೊಂಡಿದ್ದೆ. ಅದು ನಾನು ಓದಿದ ಇಂಗ್ಲಿಷ್ ಸಂಕಲನದ ಇಸವಿ. ಬೇರೊಂದು ಪುಸ್ತಕದ ಕೊನೆಯ ಪಟ್ಟಿಯಲ್ಲಿ 1968 ಇತ್ತು, ಫ್ರೆಂಚ್ ಪತ್ರಿಕೆಯಲ್ಲಿ ಬಂದದ್ದು. ಮತ್ತೊಂದರಲ್ಲಿ 1967! ಅಚ್ಚಿನ ತಪ್ಪಿರಬೇಕು ಎಂದುಕೊಂಡು ಹುಡುಕಿದರೆ, ಅದೇ ಸರಿ. ಫ್ರೆಂಚ್ ವಿಮರ್ಶಕನ ಈ ಬರಹ ಮೊದಲು ಬೆಳಕು ಕಂಡದ್ದು ಇಂಗ್ಲಿಷಿನಲ್ಲಿ, ‘ಆಸ್ಪೆನ್’ ಎಂಬ ಅಮೆರಿಕನ್ ಪತ್ರಿಕೆಯ 5-6ನೇ ಜೋಡಿ ಸಂಚಿಕೆಯಲ್ಲಿ. ಆ ಸಂಚಿಕೆ ಹೊಲಿದ ಪುಸ್ತಕವಲ್ಲ, ಒಂದು ಪೆಟ್ಟಿಗೆ. ಅದರೊಳಗೆ ಬಿಡಿ ಮುದ್ರಣಗಳು, ಧ್ವನಿಮುದ್ರಿಕೆಗಳು, ಫಿಲ್ಮ್ ಸುರುಳಿ.

ಒಂದು ವರ್ಷದ ವ್ಯತ್ಯಾಸ ತಾನೇ ಎನ್ನಬಹುದು. ಆದರೆ ‘1968ರ ಮೇ ತಿಂಗಳ ಪ್ಯಾರಿಸ್ ಬಂಡಾಯದ ಕೂಸು’ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಬಿಟ್ಟಿದ್ದೆ. ಬಂಡಾಯಕ್ಕೆ ಮೊದಲೇ ಹುಟ್ಟಿದ ಕೂಸು ಅದು. ಆ ಸಾಲನ್ನು ಹೊಡೆದುಹಾಕಿದೆ. ಈಗ ಪ್ರತಿ ಕಾರ್ಡಿನಲ್ಲೂ ಎರಡು ಕಲಂ: ಮೊದಲು ಅಚ್ಚಾದ ಇಸವಿ, ನಾನು ಓದಿದ ಅನುವಾದದ ಇಸವಿ. ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ತಿದ್ದಬೇಕು, ತಿದ್ದುತ್ತಿದ್ದೇನೆ.

ರಷ್ಯದ ಸಾಹಿತ್ಯ ಚಿಂತಕ ಬಾಖ್ತಿನ್‌ನದು ಬೇರೆ ಪಾಠ. ರಷ್ಯನ್ ಹೆಸರಾದ್ದರಿಂದ ಅದರ ‘ಖ್’ಗೆ ಇಂಗ್ಲಿಷ್ ಸೂಚಿಗಳಲ್ಲಿ ಕೆ-ಎಚ್, ಜರ್ಮನ್ನಿನಲ್ಲಿ ಸಿ-ಎಚ್, ಫ್ರೆಂಚಿನಲ್ಲಿ ಕೊನೆಗೊಂದು ಹೆಚ್ಚಿನ ಇ. ಒಂದೇ ಕಾಗುಣಿತದಲ್ಲಿ ಹುಡುಕಿದ್ದಕ್ಕೆ ಫ್ರೆಂಚ್ ನಮೂದುಗಳು ಒಂದೂ ಸಿಕ್ಕಿರಲಿಲ್ಲ. ಪ್ಯಾರಿಸ್ಸಿನಲ್ಲಿದ್ದ ವಿಮರ್ಶಕಿ ಜೂಲಿಯಾ ಕ್ರಿಸ್ತೆವಾ 1967ರಲ್ಲೇ ಅವನ ಬಗ್ಗೆ ಬರೆದಳು, ದಾಸ್ತೋವ್‌ಸ್ಕಿ ಕುರಿತ ಅವನ ಪುಸ್ತಕ ಫ್ರೆಂಚಿಗೆ ಬಂದದ್ದು 1970ರಲ್ಲಿ. ಅಂದರೆ ಮೂಲಕ್ಕಿಂತ ಮೊದಲು ಅದರ ವ್ಯಾಖ್ಯಾನ ಅಲ್ಲಿನ ಓದುಗರ ಕೈ ಸೇರಿತ್ತು. ಎರಡು ಕಾರ್ಡನ್ನು ಪಕ್ಕಪಕ್ಕ ಇಟ್ಟಾಗಲೇ ಇದು ಕಣ್ಣಿಗೆ ಬಿದ್ದದ್ದು.

ಪುಸ್ತಕದ ಕೊನೆಯ ಪಟ್ಟಿ ಹಿಂದಕ್ಕೆ ಮಾತ್ರ ಕರೆದೊಯ್ಯುತ್ತದೆ. ಕೃತಿಯನ್ನು ಲೇಖಕನ ಉದ್ದೇಶದಿಂದ ಅಳೆಯಬಾರದು ಎಂದ ಅಮೆರಿಕನ್ನರು ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿಯವರ 1946ರ ಪ್ರಬಂಧಕ್ಕೆ ಹೋದದ್ದು ಹಾಗೆಯೇ. ಆಮೇಲೆ ಯಾರು ಒಪ್ಪಿದರು, ಯಾರು ಜಗಳ ತೆಗೆದರು ಎಂದು ತಿಳಿಯಲು ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ (ಎಂಎಲ್ಎ) ಹೊರತರುವಂಥ ಸೂಚಿಗಳೇ ಬೇಕು. ಮುಂದಿನ ವಾರ ಅದಕ್ಕೇ ಮೀಸಲು. ‘ಲೇಖಕ ಎಂದರೇನು?’ ಎಂಬ, ಫ್ರೆಂಚ್ ಚಿಂತಕ ಫೂಕೊನ 1969ರ ಉಪನ್ಯಾಸದಿಂದ ಶುರು.