ಎಳೀರಿ ಮೇಷ್ಟ್ರೇ

ಮೊನ್ನೆ ಭಾನುವಾರ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಿಂದಲೇ ಮಂಜು. ಚಾರ್ಮಾಡಿಯ ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಬರುವಷ್ಟರಲ್ಲಿ ಬಲಗಡೆ ಫಾಗ್ ಲ್ಯಾಂಪ್ ಹೋಯ್ತು. ಪಕ್ಕದಲ್ಲಿದ್ದ ಹೆಂಡತಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು. ಯಾಕಂದ್ರೆ ಆ ವೈರ್ ಕೂಡಿಸಿ ಬೆಸುಗೆ ಹಾಕಿದ್ದು ನಾನೇ. ಹೈಸ್ಕೂಲಲ್ಲಿ ಕರೆಂಟಿನ ಪಾಠ ಮಾಡೋನಿಗೆ ಅಷ್ಟೂ ಬರಲ್ವಾ ಅನ್ನೋ ಜಂಬ.

ಸೋಮವಾರ ಮೂಡಿಗೆರೆಯ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಆಮೇಲೆ ನನ್ನ ಟೇಪ್ ಬಿಡಿಸಿದರು. ಬಿಸಿಗೆ ಅದರ ಅಂಟು ಕರಗಿ ಕೈಗೆಲ್ಲ ಮೆತ್ತಿಕೊಂಡಿತು. ಒಳಗೆ ನನ್ನ ಬೆಸುಗೆ ಬೆಳ್ಳಿ ಗುಂಡಿನ ಹಾಗೆ ಹೊಳೆಯುತ್ತಿತ್ತು.

‘ಬೆಸುಗೆ ಚೆನ್ನಾಗಿದೆ ಮೇಷ್ಟ್ರೇ. ವೈರ್ ಮುರಿದಿದೆ.’

ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ತುಂಡಾಗಿದ್ದು ಬೆಸುಗೆ ಮುಗಿದು ವೈರ್ ಮತ್ತೆ ಮೆತ್ತಗಾಗುವ ಜಾಗದಲ್ಲಿ. ಕರಗಿದ ಸೀಸ ತಾಮ್ರದ ಎಳೆಗಳ ನಡುವೆ ಹೀರಿಕೊಂಡು ಹೋಗುತ್ತದಂತೆ. ಅಷ್ಟುದ್ದಕ್ಕೂ ವೈರ್ ಕಡ್ಡಿಯಾಗುತ್ತೆ. ಗಾಡಿ ದಿನವಿಡೀ ಅದುರುತ್ತೆ. ಕಡ್ಡಿ ಬಗ್ಗಲ್ಲ, ಅದರ ಅಂಚಿನ ಎಳೆಗಳು ಒಂದೊಂದೇ ಹರೀತಾವೆ. ನಮ್ಮ ಘಾಟಿ ರಸ್ತೆಗೆ ಕೇಳಬೇಕೇ? ಬೆಸುಗೆಯೇ ಗಟ್ಟಿ ಅಂತ ಹೇಳಿಕೊಟ್ಟಿದ್ದು ನನ್ನ ಭಾವ. ಅವರು ಎಲ್ಲದಕ್ಕೂ ಹೇಳಿಕೊಡುತ್ತಾರೆ.

ಮುರಿದದ್ದನ್ನು ಕತ್ತರಿಸಿ, ಅಕ್ಕಿಕಾಳಿಗಿಂತ ಒಂಚೂರು ಉದ್ದಕ್ಕೆ ಎರಡೂ ತುದಿಯ ಸಿಪ್ಪೆ ತೆಗೆದರು. ಡಬ್ಬಿಯಿಂದ ಒಂದು ಸ್ಲೀವ್ (ಪುಟ್ಟ ಲೋಹದ ಕೊಳವೆ, ಅದರ ಮೇಲೆ ಒಳಮೈಗೆ ಅಂಟು ಸವರಿದ ಪ್ಲಾಸ್ಟಿಕ್ ಹೊದಿಕೆ) ತೆಗೆದು ಎರಡು ಕಡೆಯಿಂದ ವೈರ್ ತೂರಿಸಿ, ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿದರು. ಪೂರ್ತಿ ಒತ್ತುವ ತನಕ ಆ ಪ್ಲೈಯರ್ ಬಾಯಿ ಬಿಡುವುದಿಲ್ಲ. ಆಮೇಲೆ ಎಳೆದರು. ಒಂದು ತುದಿ ಕೈಗೇ ಬಂತು.

ಮುಖ ಒಂಚೂರೂ ಬದಲಾಗಲಿಲ್ಲ. ‘ಸ್ಲೀವ್ ದೊಡ್ಡದಾಯ್ತು’ ಅಂತ ಬಿಸಾಕಿ, ವೈರ್ ದಪ್ಪಕ್ಕೆ ಸರಿಯಾದ ಕೆಂಪು ಸ್ಲೀವ್ ಹಾಕಿ ಮತ್ತೆ ಒತ್ತಿದರು. ತಾವು ಎಳೆದು ನೋಡಿ ನನ್ನ ಕೈಗೆ ಕೊಟ್ಟರು.

‘ಎಳೀರಿ ಮೇಷ್ಟ್ರೇ.’

ನಾನು ಮೆಲ್ಲಗೆ ಎಳೆದೆ.

‘ಹೂವಿನ ದಾರ ಅಲ್ಲ. ಕರು ಎಳೆಯೋ ಹಂಗೆ ಎಳೀರಿ.’

ಎಳೆದೆ. ಬರಲಿಲ್ಲ. ಆಮೇಲೇ ಲೈಟರ್ ಹಚ್ಚಿ, ಸ್ಲೀವಿನ ಕೆಳಗೆ ಒಂದೇ ಕಡೆ ನಿಲ್ಲಿಸದೆ ಆಡಿಸಿದರು. ಸ್ಲೀವ್ ಮುದುಡಿ ವೈರಿಗೆ ಕಚ್ಚಿಕೊಂಡಿತು. ಎರಡೂ ತುದಿಯಿಂದ ಒಂದೊಂದು ಹನಿ ಅಂಟು ಹಲಸಿನ ಮೇಣದ ಹಾಗೆ ಇಣುಕಿತು. ಅಷ್ಟು ಇಣುಕಿದರೆ ನೀರು ಒಳಗೆ ಹೋಗಲ್ಲವಂತೆ. ನೀರು ಹೋದರೆ ತಾಮ್ರಕ್ಕೆ ಕಿಲುಬು. 55 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 4.6 ಆಂಪ್ಸ್ ಹರಿಯಬೇಕು, ಕಿಲುಬು ಹಿಡಿದ ಜಾಯಿಂಟಿಗೆ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾಗುತ್ತೆ. ಇದನ್ನೆಲ್ಲ ನಾನು ವರ್ಷಾ ವರ್ಷಾ ಬೋರ್ಡ್ ಮೇಲೆ ಬರೆಯುತ್ತೇನೆ.

ಮೂರು ದಿನದಿಂದ ಆ ‘ಎಳೀರಿ’ ಕಿವಿಯಲ್ಲೇ ಇದೆ. ತಾನು ಮಾಡಿದ್ದು ತನ್ನೆದುರೇ ಕಿತ್ತು ಬಂದರೂ ಆ ಮನುಷ್ಯನಿಗೆ ಅವಮಾನ ಅನ್ನಿಸಲಿಲ್ಲವಲ್ಲ. ನಾನು ಪಾಠ ಮುಗಿಸಿ ‘ಅರ್ಥ ಆಯ್ತಾ?’ ಅಂತ ಕೇಳುತ್ತೇನೆ. ‘ಆಯ್ತು ಸಾರ್’ ಅಂತ ಅಷ್ಟೂ ಮಕ್ಕಳು ಒಟ್ಟಿಗೆ ಕೂಗುತ್ತಾರೆ. ಮುಂದಿನ ಪಾಠ. ಹೂವಿನ ದಾರ ಎಳೆದ ಹಾಗೇ ಅಲ್ವಾ ಅದು? ನಿನ್ನೆ ಹತ್ತನೇ ಕ್ಲಾಸಿನಲ್ಲಿ ಓಮ್‌ನ ನಿಯಮ ಮುಗಿಸಿದ ಮೇಲೆ ಕೊನೇ ಬೆಂಚಿನ ಹುಡುಗನಿಗೆ ಸೀಮೆಸುಣ್ಣ ಕೊಟ್ಟೆ. ಅವನು ಬೋರ್ಡ್ ನೋಡಿದ, ನನ್ನ ನೋಡಿದ, ಮತ್ತೆ ಬೋರ್ಡ್ ನೋಡಿದ. ಕೈಗೇ ಬಂತು. ಇವತ್ತು ಅದೇ ಪಾಠ ಇನ್ನೊಂದು ಸಲ ಮಾಡಿದೆ.

ಅಂದ ಹಾಗೆ, ‘ಆ ಕಡೆದೂ ನೋಡ್ಲಾ?’ ಅಂತ ಅವರು ಕೇಳಿದ್ದರು. ‘ಬೇಡ ಬಿಡಿ, ಅದು ಉರೀತಿದೆ’ ಅಂದಿದ್ದೆ. ಎಡಗಡೆ ಲ್ಯಾಂಪ್ ಈಗಲೂ ನನ್ನ ಬೆಸುಗೆಯಲ್ಲೇ ಉರಿಯುತ್ತಿದೆ. ದಿನಾ ಬೆಳಿಗ್ಗೆ ಕಾರು ತೆಗೆಯುವಾಗ ಬಗ್ಗಿ ನೋಡುತ್ತೇನೆ. ಎಳೆದಿಲ್ಲ.