ತಟ್ಟೆಯೊಳಗೊಂದು ಕೊಳದ ದಡ

ಜಪಾನಿನಲ್ಲಿ ಸುಯಿಬಾನ್ ಎಂದು ಕರೆಯುವ ಆಳವಿಲ್ಲದ ತಟ್ಟೆಗೆ ತಳದಲ್ಲಿ ರಂಧ್ರವಿರುವುದಿಲ್ಲ. ಬೋನ್ಸಾಯ್ ಕುಂಡಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಅದು. ಇದರಲ್ಲಿ ಮರಳು ಹರಡಿ, ನೀರು ನಿಲ್ಲಿಸಿ, ಕಲ್ಲೊಂದನ್ನು ದ್ವೀಪದಂತೆ ಇಟ್ಟು ನೋಡುವುದು, ಅದರಲ್ಲೂ ಬೇಸಿಗೆಯಲ್ಲಿ ಕಣ್ಣಿಗೆ ತಂಪೆಂದು ಇಡುವುದು, ಅಲ್ಲಿನ ರೂಢಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಓಹಾರಾ ಉನ್ಶಿನ್ ಎಂಬ ಕಲಾವಿದ ಇಂಥದೇ ತಟ್ಟೆಯಲ್ಲಿ ಹೂ ಜೋಡಿಸುವ ಮೊರಿಬಾನಾ ಶೈಲಿಯನ್ನು ರೂಪಿಸಿದ ಮೇಲೆ ನೀರಿನಂಚಿನ ನೋಟ ಇಕೆಬಾನಾ ಎಂಬ ಜಪಾನೀ ಹೂಜೋಡಣೆಯ ಕಲೆಯಲ್ಲೂ ನೆಲೆಯೂರಿತು. ನನ್ನ ಕಿಟಕಿಯ ಬಳಿ ಇರುವ ತಟ್ಟೆ ಈ ಎರಡರ ನಡುವಿನದು. ಅದರಲ್ಲಿರುವುದು ಕೊಯ್ದ ಹೂವಲ್ಲ, ಬೇರು ಸಮೇತ ಬದುಕಿರುವ ಗಿಡ.

ಇಂಥ ತೋಟದಲ್ಲಿ ಮುಖ್ಯವಾದದ್ದು ಖಾಲಿ ಬಿಟ್ಟ ನೀರು ಎಂದೇ ನಾನು ನಂಬಿದ್ದೇನೆ. ತಟ್ಟೆಯ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ನೀರಾಗಿಯೇ ಉಳಿಯಬೇಕು. ಪುಟ್ಟ ಸೇತುವೆ, ಮನೆ, ಗೊಂಬೆಗಳಿಗೆ ಬೊಂಕೇ ಎಂಬ ಇನ್ನೊಂದು ಜಪಾನೀ ಕಲೆಯಲ್ಲಿ ಸ್ಥಾನವಿದೆ ನಿಜ. ಆದರೆ ಇಲ್ಲಿ ಅವು ಬಂದ ಕೂಡಲೇ ನೋಡುವವರ ಕಣ್ಣು ನೀರನ್ನು ಬಿಟ್ಟು ಅವುಗಳಿಗೇ ಅಂಟಿಕೊಳ್ಳುತ್ತದೆ.

ಕಲ್ಲನ್ನು ತಟ್ಟೆಯ ನಟ್ಟನಡುವೆ ಇಡಬಾರದು. ಒಂದು ಬದಿಗೆ ಸರಿಸಿ, ಅದರ ಬುಡ ಕಾಣದಷ್ಟು ಮರಳಿನಲ್ಲಿ ಹೂತರೆ ಅದು ತಂದಿಟ್ಟ ಕಲ್ಲಿನಂತೆ ಕಾಣದೆ ನೆಲದೊಳಗಿಂದಲೇ ಎದ್ದು ಬಂದಂತೆ ಕಾಣುತ್ತದೆ. ಜಪಾನಿನಲ್ಲಿ ಗಿಡ ಕೂರಿಸಲು ಸಣ್ಣ ರಂಧ್ರಗಳಿರುವ ಜ್ವಾಲಾಮುಖಿ ಕಲ್ಲನ್ನು ಬಳಸುತ್ತಾರೆ, ಏಕೆಂದರೆ ಅದು ಬುಡದ ನೀರನ್ನು ಹೀರಿ ಮೇಲಕ್ಕೆ ಒಯ್ಯುತ್ತದೆ. ಕರಾವಳಿಯ ಮುರಕಲ್ಲು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದರ ತುಂಡೊಂದನ್ನು ನೀರಿನಲ್ಲಿಟ್ಟು ಗಮನಿಸಿದರೆ ತೇವದ ಕಪ್ಪು ಗೆರೆ ಮೆಲ್ಲಗೆ ಮೇಲೇರಿ, ಒಂದೊಂದೇ ತೂತಿನ ಅಂಚು ಗಾಢವಾಗುತ್ತ ಬರುವುದು ಕಾಣುತ್ತದೆ. ಪಾಚಿ ಹಿಡಿಯುವುದು ಆ ಗೆರೆಯವರೆಗೆ ಮಾತ್ರ. ನುಣುಪಾದ ಕರಿಕಲ್ಲಿನ ಮೇಲೆ ದಿನವೂ ನೀರು ಚಿಮುಕಿಸಿದರೂ ಪಾಚಿ ಒಣಗುತ್ತದೆ.

ಗಿಡದ ವಿಷಯದಲ್ಲಿ ನನಗೆ ಬಹಳ ಸಂತೋಷ ಕೊಟ್ಟದ್ದು ಸೆಕಿಶೋ. ಜಪಾನಿನ ತೊರೆಗಳ ಪಕ್ಕದಲ್ಲಿ ಬೆಳೆಯುವ ಈ ಹುಲ್ಲಿನಂಥ ಗಿಡ, ನಮ್ಮಲ್ಲಿ ಹಸುಗೂಸುಗಳಿಗೆ ತೇಯ್ದು ನೆಕ್ಕಿಸುವ ಬಜೆಯ ಕುಲಕ್ಕೇ ಸೇರಿದ್ದು. ಎಲೆಯನ್ನು ಹಿಸುಕಿದರೆ ಅಂಥದೇ ಘಮ ಬರುತ್ತದೆ. ಬಜೆ ಎತ್ತರಕ್ಕೆ ಬೆಳೆಯುವುದರಿಂದ ತಟ್ಟೆಗೆ ಒಗ್ಗುವುದಿಲ್ಲ, ಸೆಕಿಶೋದ ಗಿಡ್ಡ ತಳಿಯೇ ಬೇಕು. ಇದನ್ನು ಅಕ್ವೇರಿಯಂ ಗಿಡವೆಂದೂ ಮಾರುತ್ತಾರೆ, ಆದರೆ ಪೂರ್ತಿ ಮುಳುಗಿಸಿದರೆ ಅದು ನಿಧಾನವಾಗಿ ಸಾಯುತ್ತದೆ. ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ ಇರಬೇಕು. ಬೇರಿನ ಮಣ್ಣನ್ನು ಪೂರ್ತಿ ತೊಳೆದು, ಕಲ್ಲಿನ ಹಿಂಬದಿಯ ಸಂದಿನಲ್ಲಿ ಜಲ್ಲಿಯಿಂದ ಬಿಗಿ ಮಾಡಿದರೆ ಸಾಕು. ಗೊಬ್ಬರ ಹಾಕಿದರೆ ಗಿಡಕ್ಕಿಂತ ಮೊದಲು ನೀರೇ ಹಸಿರಾಗುತ್ತದೆ.

ನೀರು ಮಳೆಯದಾದರೆ ಉತ್ತಮ. ಬೋರ್‌ವೆಲ್‌ನ ಗಡಸು ನೀರು ಆರಿದಂತೆಲ್ಲ ತಟ್ಟೆಯ ಅಂಚಿನಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ, ಪಾಚಿಯ ತುದಿಯೂ ಕಂದುತ್ತದೆ.

ಇನ್ನು ಸೊಳ್ಳೆಯ ವಿಷಯ. ನಿಂತ ನೀರನ್ನು ಮನೆಯೊಳಗೆ ಇಟ್ಟುಕೊಳ್ಳುವವರು ಇದನ್ನು ಹಗುರವಾಗಿ ಕಾಣಬಾರದು. ಜಪಾನಿನಲ್ಲಿ ದೊಡ್ಡ ತಾವರೆ ಕುಂಡಗಳಲ್ಲಿ ಮೆದಾಕಾ ಎಂಬ ಪುಟ್ಟ ಮೀನನ್ನು ಸಾಕುತ್ತಾರೆ, ಅದು ಮರಿಹುಳುಗಳನ್ನು ತಿನ್ನುತ್ತದೆ. ನಾಲ್ಕು ಬೆರಳು ಆಳದ ತಟ್ಟೆಯಲ್ಲಿ ಮೀನನ್ನು ಬಿಡುವುದು ಮಾತ್ರ ಅದಕ್ಕೆ ಕೊಡುವ ಹಿಂಸೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆಯಾದರೂ ತಟ್ಟೆಯ ಒಳಬದಿಯನ್ನೂ ಕಲ್ಲಿನ ನೀರು ತಾಗುವ ಭಾಗವನ್ನೂ ಬ್ರಷ್‌ನಿಂದ ಉಜ್ಜಬೇಕು. ಊರಿಗೆ ಹೋಗುವಾಗ ನಾನು ತಟ್ಟೆಯನ್ನು ಬರಿದುಮಾಡಿ ಉಜ್ಜಿ ಕವುಚಿಡುತ್ತೇನೆ. ಗಿಡವಿರುವ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಬರುವವರೆಗೂ ತಾಳುತ್ತದೆ.