ಕಡ್ಲಿ ಬಾಡಾಕತ್ತಿದ್ರ ಮೊದ್ಲು ಕಾಂಡ ಸೀಳಿ ನೋಡ್ರಿ

ನಮ್ಮ ಅಣ್ಣಿಗೇರಿ ಕಡೆ ಎರಿ ಹೊಲದಾಗ ಈಗ ಎಲ್ಲಿ ಹೋದ್ರೂ ಒಂದ ಮಾತು, ಕಡ್ಲಿಗೆ ಸಿಡಿ ರೋಗ ಬಂದೈತಿ. ಬಿತ್ತಿ ತಿಂಗಳಾಗಿರಂಗಿಲ್ಲ, ಹಚ್ಚಗ ಇದ್ದ ಸಾಲಿನಾಗ ಅಲ್ಲೊಂದು ಇಲ್ಲೊಂದು ಗಿಡ ಎಲಿ ಜೋತು ಬಿಟ್ಕೊಂಡು ನಿಂತಿರ್ತಾವ, ನಾಕ ದಿನಾ ಬಿಟ್ಟು ಹೋದ್ರ ಅಲ್ಲೆ ಚಾಪಿ ಹಾಸಿದಷ್ಟು ಜಾಗಾ ಒಣಗಿ ಬಿದ್ದಿರತೈತಿ. ನಮ್ಮ ಕಾಕಾ ಹಸಿ ಕಮ್ಮಿ ಆತು ಅಂತಾರ, ಬಾಜೂ ಹೊಲದವ್ರು ಹುಳದ ಕಾಟ ಅಂತಾರ, ಔಷಧಿ ಅಂಗಡ್ಯಾಗ ಕೇಳಿದ್ರ ಹುಳದ ಔಷಧಿ ಜೋಡಿ ಒಂದು ಟಾನಿಕ್ ಬಾಟ್ಲಿನೂ ಕಟ್ಟಿ ಕೊಡ್ತಾರ.

ರೊಕ್ಕಾ ಕೊಡೂಕಿಂತ ಮೊದ್ಲು ಈಗಷ್ಟ ಬಾಡಾಕತ್ತಿದ್ದ ಒಂದು ಗಿಡಾ ಬೇರು ಸಮೇತ ಕಿತ್ತು ಬ್ಲೇಡ್ ತಗೊಂಡು ಬುಡದಿಂದ ಉದ್ದಕ್ಕ ಸೀಳ್ರಿ. ಮ್ಯಾಲೆ ಬೇರು ಚಲೋನ ಕಾಣತೈತಿ, ಒಳಗ ನಡುವ ಕಂದು ಇಲ್ಲಾ ಕರಿ ಗೆರಿ ಇದ್ರ ಅದು ಸಿಡಿನ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಮಣ್ಣಿನಿಂದ ಬೇರಿನಾಗ ಹೊಕ್ಕು ನೀರು ಏರೋ ದಾರಿನ ಕಟ್ಟಿಬಿಡತೈತಿ, ನೆಲದಾಗ ಹಸಿ ಇದ್ರೂ ಗಿಡಕ್ಕ ನೀರು ಸಿಗಂಗಿಲ್ಲ. ಬೇರು ಪಟ್ ಅಂತ ಮುರದು, ಸಣ್ಣ ಬೇರೆಲ್ಲಾ ಉದುರಿದ್ರ ಅದು ಒಣ ಬೇರು ಕೊಳೆ, ಅದರ ಕಥಿನ ಬ್ಯಾರೆ.

ಕರಿ ಗೆರಿ ಬಿದ್ದ ಗಿಡಕ್ಕ ಮ್ಯಾಲಿಂದ ಏನ ಹೊಡದ್ರೂ ಉಳಿಯಂಗಿಲ್ಲ. ಬಿತ್ತೂ ಮುಂದ ಕೆಜಿ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಾನ ತಡಿಯೋ ಚಲೋ ಶಿಲೀಂಧ್ರದ ಪುಡಿ) ಹಚ್ಚಿದ್ರ ಅಷ್ಟು ಇಷ್ಟು ತಡೀತೈತಿ. ಆದ್ರ ಈ ರೋಗ ಕಡ್ಲಿ ಇಲ್ದನೂ ಮಣ್ಣಾಗ 6 ವರ್ಷದ ತನಕಾ ಉಳೀತೈತಿ, ಬೀಜದ ಜೋಡಿನೂ ದಾಟತೈತಿ, ನಾವ್ ನೋಡಿದ್ರ ಸಿಡಿ ಬಿದ್ದ ಹೊಲದ್ದ ಕಾಳು ಬೀಜಕ್ಕ ಎತ್ತಿಟ್ಟು ಮತ್ತ ಅದ ಹೊಲಕ್ಕ ಬಿತ್ತತೀವಿ! ನಡುವ ಒಂದೆರಡು ವರ್ಷ ಜ್ವಾಳ, ಕುಸುಬಿ ಹಾಕಿದ್ರ ಕಮ್ಮಿ ಆಕ್ಕೈತಿ, ಪೂರಾ ಹೋಗಂಗಿಲ್ಲ.

ನಮ್ಮೂರ ಹೆಸರಿನ ಅಣ್ಣಿಗೇರಿ-1 ತಳಿಗೆ ಸಿಡಿ ತಡಕೊಳ್ಳೋ ತಾಕತ್ತಿಲ್ಲ. ರಾಯಚೂರು ಕೃಷಿ ವಿವಿ, ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯವ್ರು ಸೇರಿ ಡಬ್ಲ್ಯೂಆರ್-315 ಅನ್ನೋ ತಳಿಯಿಂದ ಆ ಗುಣಾ ಅಷ್ಟ ತಗದು ಇದಕ್ಕ ಸೇರಿಸಿ ಸೂಪರ್ ಅಣ್ಣಿಗೇರಿ-1 ಮಾಡ್ಯಾರ. ಕಾಕಾಗ ಹೇಳಿದ್ರ, "ನಮ್ಮ ಕಡ್ಲಿ ಸುಲಗಾಯಿ ರುಚಿ ಅದಕ್ಕೆಲ್ಲಿ ಬರತೈತೋ ತಮ್ಮಾ" ಅಂತಾರ. ಅದೂ ಅಣ್ಣಿಗೇರಿನ ಐತ್ರೀ ಕಾಕಾ ಅಂದ್ರ ನಂಬಂಗಿಲ್ಲ. ಮುಂದಿನ ಹಿಂಗಾರಿಗೆ ಒಂದು ಎಕರೆ ಅದನ್ನ ಹಾಕಿ ಉಳದದ್ದಕ್ಕ ಜ್ವಾಳ ಹಾಕೂನು ಅಂತ ಮನ್ಯಾಗ ಮಾತು ನಡದೈತಿ.